ಪ್ರತಿಫಲದ ಕಾಲಂ

ಮನೆ ಮಾರುವವರ ಕೈಗೆ ಮೊದಲು ಬರೋದು ಕ್ರಯಪತ್ರದ ಕರಡು. ಓದಿ ನೋಡಿ, ಅದರಲ್ಲಿ ಇರೋದೆಲ್ಲ ಸತ್ಯ. ಹೆಸರು, ತಂದೆಯ ಹೆಸರು, ವಯಸ್ಸು, ಆಧಾರ್, ಪ್ಯಾನ್. ಚೆಕ್ಕುಬಂದಿ ಅಂತೂ ಇನ್ನೂ ಕಟ್ಟುನಿಟ್ಟು: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥ ನಂಬರಿನ ನಿವೇಶನ. ಅರ್ಧ ಅಡಿ ಹೆಚ್ಚುಕಮ್ಮಿ ಆದರೂ ಮಕ್ಕಳು ಮೊಮ್ಮಕ್ಕಳು ಕೋರ್ಟಿಗೆ ಅಲೀಬೇಕಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಟೇಪು ಹಿಡಿದು ಅಳೆದೇ ಬರೀತೀವಿ. ಇಷ್ಟೆಲ್ಲ ನಿಜದ ಮಧ್ಯೆ ಒಂದು ಜಾಗ ಮಾತ್ರ ಖಾಲಿ ಬಿಟ್ಟಿರುತ್ತೆ. ‘ಪ್ರತಿಫಲದ ಮೊತ್ತ ರೂ.’ ಅಂತ ಇದ್ದು, ಮುಂದೆ ಬರೀ ಚುಕ್ಕಿಗಳು.

ನಮ್ಮೂರಿನ ಪತ್ರ ಬರೆಯೋರು ಕನ್ನಡಕ ಮೇಲೆತ್ತಿ ನನ್ನನ್ನು ಕೇಳಿದ್ದು "ಮನೆ ಎಷ್ಟಕ್ಕೆ ಹೋಯ್ತು?" ಅಂತಲ್ಲ. "ಎಷ್ಟು ತೋರಿಸೋಣ ಸಾರ್?" ಅಂತ.

ಈ ‘ತೋರಿಸೋದು’ ಅನ್ನೋ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗುತ್ತೆ ಅಂದ್ರೆ, ಅದರೊಳಗೆ ಒಂದು ಸುಳ್ಳು ಇದೆ ಅಂತ ಹೇಳೋರಿಗೂ ಅನ್ನಿಸಲ್ಲ, ಕೇಳೋರಿಗೂ ಅನ್ನಿಸಲ್ಲ. ನನಗೂ ಆ ಕ್ಷಣ ಅನ್ನಿಸಲಿಲ್ಲ. ಒಂದು ರಾತ್ರಿ ಕಳೆದ ಮೇಲೆ ಅನ್ನಿಸಿತು. ಆಮೇಲೆ ನಡೆದದ್ದನ್ನು ಇಲ್ಲಿ ಬರೀತಿದ್ದೀನಿ. ಕೊನೆಗೆ ನಾನು ಗೆದ್ದೆ ಅಂತ ಹೇಳೋಕಲ್ಲ. ಯಾಕಂದ್ರೆ ಗೆದ್ದೆನೋ ಇಲ್ಲವೋ ನನಗೆ ಇನ್ನೂ ಪೂರ್ತಿ ಗೊತ್ತಿಲ್ಲ.

ಮನೆ ಅಪ್ಪಂದು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬಂದ ಹಣದಲ್ಲಿ 2003ರಲ್ಲಿ ತೊಗೊಂಡ ಮನೆ ಅದು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನಾನೂ ನನ್ನ ತಂಗಿಯೂ ಸಮಪಾಲು. ಕಳೆದ ವರ್ಷ ದಸರಾ ಮುಗಿದ ಮೇಲೆ ಒಬ್ಬರು ಬಂದರು. ಹಾರ್ಡ್‌ವೇರ್ ಅಂಗಡಿ ಇಟ್ಟಿರೋ ಹುಡುಗ, ಮೂವತ್ತೈದರ ಒಳಗಿನವನು, ಮರ್ಯಾದಸ್ಥ. 62 ಲಕ್ಷಕ್ಕೆ ಮಾತಾಯ್ತು. ಆ ಬೀದಿಯ ಸರ್ಕಾರಿ ಮಾರ್ಗಸೂಚಿ ದರದ ಲೆಕ್ಕದಲ್ಲಿ ಮನೆಯ ಬೆಲೆ ಸುಮಾರು 41 ಲಕ್ಷ. ಪತ್ರದಲ್ಲಿ 42 ತೋರಿಸೋದು, ಉಳಿದ 20 ಕೈಗೆ. ಊರಲ್ಲಿ ಎಲ್ಲರೂ ಮಾಡೋದು ಹಾಗೇ.

ಲೆಕ್ಕ ಸರಳ. ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್ಸು, ಪಟ್ಟಣದ ಸ್ವತ್ತಾದರೆ ಶೇ 2 ಸರ್‌ಚಾರ್ಜು. ಅಲ್ಲಿಗೆ 5.6 ಆಯ್ತು. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6. ಇದನ್ನು ಕಟ್ಟೋದು ಕೊಳ್ಳೋರು. 20 ಲಕ್ಷ ಬಚ್ಚಿಟ್ಟರೆ ಆ ಹುಡುಗನಿಗೆ ಉಳಿಯೋದು ಒಂದೂವರೆ ಲಕ್ಷ. ಮಾರೋ ನಮಗೂ ಲಾಭವೇ. ಮನೆ ಮಾರಿ ಬಂದ ಲಾಭದ ಮೇಲಿನ ತೆರಿಗೆ ಶೇ 12.5, ಅಂದ್ರೆ ನಮ್ಮಿಬ್ಬರಿಗೂ ಸೇರಿ ಎರಡೂವರೆ ಲಕ್ಷ ಉಳಿಯುತ್ತೆ. "ಐವತ್ತು ಲಕ್ಷ ಮುಟ್ಟಿದ್ರೆ ಟಿಡಿಎಸ್ ತಲೆನೋವು ಬೇರೆ ಸಾರ್" ಅಂದರು ಪತ್ರ ಬರೆಯೋರು. ಹೀಗೆ ಎಲ್ಲರಿಗೂ ಲಾಭ. ನಷ್ಟ ಆಗೋದು ಯಾರಿಗೆ? ಸರ್ಕಾರಕ್ಕೆ. ಸರ್ಕಾರಕ್ಕೆ ನಷ್ಟವಾದರೆ ಅಳೋರು ಯಾರಿದ್ದಾರೆ?

ಆ ರಾತ್ರಿ ನನ್ನನ್ನು ಕಾಡಿದ್ದು ಕಾನೂನಿನ ಭಯ ಅಲ್ಲ. ನಾವು ಆ ಕಚೇರಿಗೆ ಹೋಗ್ತಿರೋದಾದ್ರೂ ಯಾಕೆ ಅನ್ನೋ ಸಣ್ಣ ಪ್ರಶ್ನೆ. ನಾನು ಮಾರಿದೆ, ಅವನು ಕೊಂಡ, ದುಡ್ಡು ಕೈ ಬದಲಾಯ್ತು, ಬೀಗದ ಕೈಯೂ ಬದಲಾಯ್ತು. ಅಷ್ಟೇ ಸಾಕಲ್ಲ? ಸಾಲದು. 1908ರ ನೋಂದಣಿ ಕಾಯ್ದೆ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಣಿ ಆಗಲೇಬೇಕು. ನಾಳೆ ಯಾರೋ ಬಂದು ಈ ಮನೆ ನಂದು ಅಂದ್ರೆ, "ಇಲ್ಲ, ಇಂಥ ದಿನ ಇಂಥವರು ಇಂಥವರಿಗೆ ಮಾರಿದ್ದಾರೆ, ನಾನು ನೋಡಿದ್ದೇನೆ" ಅಂತ ಹೇಳೋಕೆ ಒಬ್ಬ ಸಾಕ್ಷಿ ಬೇಕು. ಸಾಯದ, ಊರು ಬಿಡದ, ಮರೆಯದ ಸಾಕ್ಷಿ. ಅದಕ್ಕೇ ನಾವು ಸರ್ಕಾರವನ್ನು ಕರೀತೀವಿ. ಕರೆದು, ನಮ್ಮ ಪರವಾಗಿ ಇಡೀ ಲೋಕದೆದುರು ಸತ್ಯ ಹೇಳು ಅಂತ ಕೇಳ್ಕೊಂಡು, ಅದೇ ಉಸಿರಿನಲ್ಲಿ ಆ ಸಾಕ್ಷಿಗೇ ಸುಳ್ಳು ಹೇಳ್ತೀವಿ. ನನಗೆ ಇರಿಸುಮುರಿಸಾದದ್ದು ಇದು.

ಮಾರನೇ ದಿನ ತಂಗಿಗೆ ಫೋನ್ ಮಾಡಿದೆ. ಪೂರ್ತಿ ಬೆಲೆ ಬರೆಸೋಣ ಅನ್ಕೊಂಡಿದ್ದೀನಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಗಂಡನ ಅಂಗಡಿ ಮುಚ್ಚಿ ಎರಡು ವರ್ಷ ಆಗಿತ್ತು, ಕೈಸಾಲ ತಲೆ ಮೇಲಿತ್ತು. ಅದು ನನಗೂ ಗೊತ್ತಿತ್ತು. ಆಮೇಲೆ ಕೇಳಿದಳು:

"ಅಣ್ಣ, ಹರಿಶ್ಚಂದ್ರ ಸತ್ಯ ಬಿಡಲಿಲ್ಲ, ಸರಿ. ಆದ್ರೆ ಮಾರಿದ್ದು ಯಾರನ್ನ?"

ಅಪ್ಪ ಹತ್ತನೇ ಕ್ಲಾಸಿಗೆ ಹರಿಶ್ಚಂದ್ರನ ಕಥೆ ಪಾಠ ಮಾಡುವಾಗ ಪಕ್ಕದ ಕ್ಲಾಸಿನವರೂ ಕಿವಿಗೊಡ್ತಿದ್ದರು. ನಾವಿಬ್ಬರೂ ಅದನ್ನು ಕೇಳಿ ಬೆಳೆದವರು. ಸಾಲ ತೀರಿಸೋಕೆ ಅವನು ಮೊದಲು ಮಾರಿದ್ದು ಹೆಂಡತಿ ಮಗನನ್ನು. ತನ್ನನ್ನು ಮಾರಿಕೊಂಡದ್ದು ಆಮೇಲೆ. ಸತ್ಯವಂತ ಅಂತ ಹೆಸರು ಬಂದದ್ದು ಅವನಿಗೆ, ಯಾರದೋ ಮನೇಲಿ ಚಾಕರಿ ಮಾಡಿದ್ದು ಚಂದ್ರಮತಿ. ತಂಗಿ ಕೇಳಿದ್ದು ತಮಾಷೆಗಲ್ಲ. ನಿನ್ನ ಸತ್ಯಕ್ಕೆ ನಾನ್ಯಾಕೆ ಕೂಲಿ ಮಾಡಬೇಕು ಅಂತ.

ಇದೇ ಪ್ರಶ್ನೆಯನ್ನು ಆ ಹಾರ್ಡ್‌ವೇರ್ ಹುಡುಗ ಇನ್ನೂ ನೇರವಾಗಿ ಕೇಳಿದ. "ಸಾರ್, ತಪ್ಪು ತಿಳ್ಕೋಬೇಡಿ. ಸತ್ಯ ಹೇಳ್ಬೇಕು ಅಂತಿರೋದು ನಿಮಗೆ. ಶುಲ್ಕ ಕಟ್ಟೋದು ನಾನು. ನಿಮ್ಮ ಸತ್ಯಕ್ಕೆ ನಾನ್ಯಾಕೆ ಒಂದೂವರೆ ಲಕ್ಷ ಕೊಡ್ಲಿ?"

ಉತ್ತರ ಇರಲಿಲ್ಲ. ನೀತಿ ಪಾಠಗಳಲ್ಲಿ ಸತ್ಯದ ಬೆಲೆಯನ್ನು ಸತ್ಯ ಹೇಳಿದವನೇ ತೆತ್ತಿರ್ತಾನೆ. ನಿಜ ಜೀವನದಲ್ಲಿ ಅದರ ಬಿಲ್ಲು ಎಷ್ಟೋ ಸಲ ಪಕ್ಕದಲ್ಲಿ ಕೂತವರ ಕೈಗೆ ಹೋಗುತ್ತೆ. ಒಂದೂವರೆ ಲಕ್ಷ ನಾನೇ ಕಮ್ಮಿ ಮಾಡ್ಕೋತೀನಿ, ನನ್ನ ಪಾಲಿನಲ್ಲೇ, ಅಂದೆ. ಅವನು ತಲೆ ಕೆರ್ಕೊಂಡ. "ಅದಲ್ಲ ಸಾರ್ ವಿಷಯ. ನನ್ನತ್ರ ಇರೋ ಇಪ್ಪತ್ತು ಲಕ್ಷ ಕ್ಯಾಷು. ಎಲ್ಲಿಂದ ಬಂತು ಅಂತ ಬ್ಯಾಂಕಲ್ಲಿ ಏನು ಹೇಳ್ಲಿ?"

ಹಾಗೆ ವ್ಯವಹಾರ ಮುರೀತು. ಜಗಳ ಏನೂ ಆಗಲಿಲ್ಲ. ಮುಂಗಡ ವಾಪಸ್ ಕೊಟ್ಟೆ. ಕಾಫಿ ಕುಡಿದು ಹೋದ.

ಆಮೇಲಿನ ತಿಂಗಳುಗಳಲ್ಲಿ ಮನೆ ಖಾಲಿ ಬಿದ್ದಿದ್ದಾಗ ನನಗೆ ಯೋಚನೆ ಮಾಡೋಕೆ ಬೇಕಾದಷ್ಟು ಸಮಯ ಸಿಕ್ಕಿತು. ನನ್ನ ಹಟದ ಬಗ್ಗೆ ಅನುಮಾನ ಪಡೋಕೂ.

ಮೊದಲು ಹೊಳೆದದ್ದು, ಈ ಕಪ್ಪು ಹಣದ ವ್ಯವಹಾರ ಮಾಡೋರು ಅಪ್ರಾಮಾಣಿಕರು ಅನ್ನೋದು ಸುಳ್ಳು ಅಂತ. ಯೋಚಿಸಿ ನೋಡಿ. ಮನೆ, ಜಮೀನಿನ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೊಗೊಳ್ಳೋ ಹಾಗಿಲ್ಲ ಅಂತ 2015ರ ಜೂನ್ 1ರಿಂದ ಕಾನೂನೇ ಇದೆ. ತೊಗೊಂಡರೆ ಅಷ್ಟೇ ಮೊತ್ತದ ದಂಡ. ಆದ್ದರಿಂದ ಆ ಇಪ್ಪತ್ತು ಲಕ್ಷಕ್ಕೆ ರಸೀದಿ ಇಲ್ಲ, ಚೀಟಿ ಇಲ್ಲ, ಕೋರ್ಟಿಲ್ಲ. ಇರೋದು ಬರೀ ಮಾತು. ಆದರೂ ಅದು ಒಂದು ಬ್ಯಾಗಿನಲ್ಲಿ ಬರುತ್ತೆ, ಎಣಿಸಿದರೆ ಸರಿಯಾಗಿರುತ್ತೆ, ತೊಗೊಂಡವರು ಮಾರನೇ ದಿನ ಬಂದು ಪತ್ರಕ್ಕೆ ಸಹಿ ಹಾಕ್ತಾರೆ. ಕೊಟ್ಟ ಮಾತಿಗೆ ತಪ್ಪದ ಜನ ನಾವು. ಆದರೆ ನಮ್ಮ ಸತ್ಯಕ್ಕೂ ಒಂದು ಚೆಕ್ಕುಬಂದಿ ಇದೆ. ಮುಖ ಪರಿಚಯ ಇರೋರಿಗೆ ನಿಜ, ಇಲ್ಲದವರಿಗೆ ‘ತೋರಿಸೋದು’. ಸರ್ಕಾರಕ್ಕೆ ಮುಖ ಇಲ್ಲ. ಅದಕ್ಕೆ ಸುಳ್ಳು ಹೇಳಿದರೆ ಯಾರಿಗೂ ಹೇಳಿದ ಹಾಗೆ ಅನ್ನಿಸೋದಿಲ್ಲ.

ನಿಜವಾಗಿ ಅದು ಯಾರಿಗೂ ತಲುಪಲ್ವಾ? ನನ್ನ ಜೊತೆ ಓದಿದವನೊಬ್ಬನ ಎರಡು ಎಕರೆ ಜಮೀನು ಕೆಲವು ವರ್ಷಗಳ ಹಿಂದೆ ಬೈಪಾಸ್ ರಸ್ತೆಗೆ ಹೋಯ್ತು. ಭೂಸ್ವಾಧೀನಕ್ಕೆ ಈಗಿರೋದು 2013ರ ಕಾಯ್ದೆ. ಜಮೀನಿನ ಬೆಲೆಯನ್ನು ಅಧಿಕಾರಿ ಮನಸ್ಸಿಗೆ ಬಂದ ಹಾಗೆ ಕಟ್ಟೋ ಹಾಗಿಲ್ಲ. ಒಂದು ಕಡೆ ಮುದ್ರಾಂಕ ಶುಲ್ಕಕ್ಕೆ ಗೊತ್ತು ಮಾಡಿದ ದರ. ಇನ್ನೊಂದು ಕಡೆ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ಅಂಥದೇ ಜಮೀನುಗಳಿಗೆ ಆದ ಕ್ರಯಪತ್ರಗಳು. ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ಸರಾಸರಿ ತೆಗೀತಾರೆ. ಮುಖ್ಯವಾಗಿ ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಪರಿಹಾರದ ಲೆಕ್ಕ. ರೈತನ ಪರವಾಗಿ ಬರೆದ ನಿಯಮವೇ ಅದು. ಆದರೆ ಅವನ ಊರಿನ ಕ್ರಯಪತ್ರಗಳನ್ನು ತೆಗೆದು ನೋಡಿದರೆ ಹೆಚ್ಚು ಬೆಲೆಯದೂ ಒಂದೇ, ಕಡಿಮೆಯದೂ ಒಂದೇ. ಎಲ್ಲರೂ ಮಾರ್ಗಸೂಚಿ ದರದ ಮೇಲೆ ಒಂದು ಸಾವಿರ ಎರಡು ಸಾವಿರ ಸೇರಿಸಿ ಬರೆಸಿದ್ದರು. ಎಕರೆಗೆ ನಿಜವಾಗಿ ಎಷ್ಟು ಓಡ್ತಿತ್ತು ಅಂತ ಊರಿನ ಮಕ್ಕಳಿಗೂ ಗೊತ್ತಿತ್ತು, ಆದರೆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಆ ಪತ್ರಗಳಲ್ಲಿ ಒಂದು ಅವನದೇ. ಪಕ್ಕದ ಹೊಲ ಕೊಂಡಾಗ ಅವನೂ ಕಡಿಮೆ ತೋರಿಸಿದ್ದ. "ನಮ್ಮ ಸಹಿನೇ ನಮ್ಮ ಕತ್ತಿಗೆ ಬಂತು ಕಣಯ್ಯ" ಅಂದ.

ಮಾರ್ಗಸೂಚಿ ದರದ ಕಥೆಯೂ ಹೀಗೇ. ಜನ ಬೆಲೆ ಕಡಿಮೆ ಬರೆಸ್ತಾರೆ ಅಂತ ಗೊತ್ತಿದ್ದೇ ಸರ್ಕಾರ, ಇದಕ್ಕಿಂತ ಕೆಳಗೆ ಹೋಗಬೇಡಿ ಅಂತ ಒಂದು ನೆಲ ಹಾಕಿತು. ನಾವು ಅದನ್ನೇ ಸೂರು ಮಾಡ್ಕೊಂಡ್ವಿ. ವಾಸ್ತವದಲ್ಲಿ ನಿಯಮ ಹೇಳೋದು, ನಿಜವಾಗಿ ಕೊಟ್ಟ ಬೆಲೆ, ಮಾರ್ಗಸೂಚಿ ಬೆಲೆ, ಎರಡರಲ್ಲಿ ಹೆಚ್ಚಿನದಕ್ಕೆ ಶುಲ್ಕ ಅಂತ. ನಾವು ಕೇಳಿಸಿಕೊಳ್ಳೋದು ಅರ್ಧ ವಾಕ್ಯ ಮಾತ್ರ. ಮತ್ತೆ ಸರ್ಕಾರ ದರ ಏರಿಸುತ್ತೆ, 2023ರ ಅಕ್ಟೋಬರಿನಲ್ಲಿ ಏರಿಸಿದ ಹಾಗೆ. ಆಗ ನಿಜ ಬರೆಸಿದವನಿಗೂ ಸುಳ್ಳು ಬರೆಸಿದವನಿಗೂ ಒಟ್ಟಿಗೇ ಬಿಸಿ ತಟ್ಟುತ್ತೆ.

ನೀವು ಕೇಳಬಹುದು: ಕಟ್ಟಿದ ತೆರಿಗೆ ಯಾರ ಜೇಬಿಗೆ ಹೋಗುತ್ತೆ ಅಂತ ಗೊತ್ತಿಲ್ವಾ? ರಸ್ತೆ ನೋಡಿದ್ದೀರಾ? ನೋಡಿದ್ದೀನಿ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಬಂದು ತೆರಿಗೆ ಕಟ್ಟದವರು ಹೇಗಿರ್ತಾರೆ ಅಂತ ನಮ್ಮ ನಾಡು ಒಮ್ಮೆ ನೋಡಿದೆ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ಕಡೆಯ ರೈತರು ಕರನಿರಾಕರಣೆ ಮಾಡಿದರು. ಕೊಡಲ್ಲ ಅಂತ ಎದುರಿಗೆ ನಿಂತು ಹೇಳಿದರು, ಹೇಳಿದ್ದಕ್ಕೆ ಜಮೀನು ಕಳ್ಕೊಂಡರು, ಜೈಲಿಗೆ ಹೋದರು. ಅದು ನಿರಾಕರಣೆ. ನಾನು 42 ಅಂತ ತೋರಿಸಿ 20 ಲಕ್ಷ ಬ್ಯಾಗಿಗೆ ಹಾಕ್ಕೊಂಡರೆ ಅದನ್ನು ಪ್ರತಿಭಟನೆ ಅಂತ ಕರೆಯೋಕೆ ನನ್ನ ನಾಲಿಗೆ ಏಳಲ್ಲ.

ಹರಿಶ್ಚಂದ್ರನ ಕಥೆಗೆ ಮತ್ತೆ ಬರ್ತೀನಿ. ತಂಗಿ ನೆನಪಿಸಿದ್ದು ಕಥೆಯ ಮಧ್ಯಭಾಗ. ಅದರ ಕೊನೆ ನಡೆಯೋದು ಮಸಣದಲ್ಲಿ. ಸತ್ತ ಮಗನನ್ನು ಎತ್ಕೊಂಡು ಚಂದ್ರಮತಿ ಬರ್ತಾಳೆ. ಮಸಣ ಕಾಯೋ ಹರಿಶ್ಚಂದ್ರ, ಸುಡೋದಕ್ಕೆ ಸಲ್ಲಬೇಕಾದ ಹಣ ಕೊಡದೆ ಬಿಡಲ್ಲ ಅಂತ ನಿಲ್ತಾನೆ. ಚಿಕ್ಕವನಿದ್ದಾಗ ಇವನೆಂಥ ಕಲ್ಲು ಮನಸ್ಸಿನವನು ಅನ್ನಿಸ್ತಿತ್ತು. ಈಗ ಅನ್ನಿಸೋದು, ಆ ಹಣ ಅವನದಲ್ಲ. ಒಡೆಯನದು. ಬಿಟ್ಟುಕೊಡೋಕೆ ಅವನಿಗೆ ಹಕ್ಕಿಲ್ಲ. ನಮ್ಮ ಭಾಷೆಯ ದೊಡ್ಡ ಸತ್ಯದ ಕಥೆ ಕೊನೆಗೆ ಬಂದು ನಿಲ್ಲೋದು ಒಂದು ಶುಲ್ಕದ ಮುಂದೆ ಅನ್ನೋದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಅಲ್ಲಿ ಎರಡೂ ಇವೆ. ನನ್ನದಲ್ಲದ್ದನ್ನು ಬಿಟ್ಟುಕೊಡೋ ಹಾಗಿಲ್ಲ ಅನ್ನೋದೂ ಇದೆ, ನನ್ನ ಸತ್ಯಕ್ಕೆ ಇನ್ನೊಬ್ಬರನ್ನು ಮಾರೋ ಹಾಗಿಲ್ಲ ಅನ್ನೋದೂ ಇದೆ. ಹರಿಶ್ಚಂದ್ರ ಮೊದಲನೆಯದನ್ನು ಪಾಲಿಸಿದ, ಎರಡನೆಯದರಲ್ಲಿ ಸೋತ. ನಾನು ಎರಡನ್ನೂ ಪಾಲಿಸೋಕೆ ಆಗುತ್ತಾ ನೋಡಬೇಕಿತ್ತು.

ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಜೋಡಿ ಬಂತು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ಗಂಡ ಬಸ್ ಕಂಡಕ್ಟರ್. ಮನೆಯೆಲ್ಲ ನೋಡಿ, ಹಿತ್ತಲಿನ ನುಗ್ಗೆ ಮರ ನೋಡಿ, ಹೊರಗೆ ಬಂದು ನಿಂತು, ಬೆಲೆ ಕೇಳೋಕೆ ಮುಂಚೆ ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಪೂರ್ತಿ ಅಮೌಂಟು ಪತ್ರದಲ್ಲಿ ಬರೀತೀರಾ?"

ಬರೀತೀವಿ ಅಂದೆ. ಆಕೆ ಗಂಡನ ಮುಖ ನೋಡಿದಳು. ಇದಕ್ಕೆ ಮುಂಚೆ ನಾಲ್ಕು ಮನೆ ನೋಡಿದ್ದರಂತೆ. ನಾಲ್ಕೂ ಕಡೆ ಮೂರನೇ ಒಂದು ಭಾಗ ಕ್ಯಾಷ್ ಕೇಳಿದರಂತೆ. ಇವರಿಗೆ ಬರೋದು ಸಂಬಳ, ಅದು ಬ್ಯಾಂಕಿಗೆ ಬರುತ್ತೆ. ಸಾಲ ಕೊಡೋ ಬ್ಯಾಂಕು ನೋಡೋದು ಪತ್ರದ ಬೆಲೆ. 30ರಿಂದ 75 ಲಕ್ಷದವರೆಗಿನ ಗೃಹಸಾಲ ಹೆಚ್ಚೆಂದರೆ ಆ ಬೆಲೆಯ ಶೇ 80. ಪತ್ರದಲ್ಲಿ 42 ಇದ್ದರೆ 33 ಲಕ್ಷದ ಮೇಲೆ ಸಿಗೋದು ಅಷ್ಟಕ್ಕಷ್ಟೇ. ಉಳಿದ ಲಕ್ಷಗಟ್ಟಲೆ ಕ್ಯಾಷು ನರ್ಸ್ ಒಬ್ಬರು ಎಲ್ಲಿಂದ ತರಬೇಕು? ಸಂಬಳದ ಜನ ಮನೆ ಕೊಳ್ಳೋಕೆ ಆಗದಿರೋದು ಬರೀ ಬೆಲೆ ಏರಿದ್ದಕ್ಕಲ್ಲ. ಮನೆಯ ಒಂದು ಭಾಗವನ್ನು ನಾವು ಅವರ ಕೈಗೆ ಸಿಗದ ದುಡ್ಡಿನಲ್ಲಿ ಮಾತ್ರ ಮಾರ್ತೀವಿ. ಮುಖವಿಲ್ಲದ ಸರ್ಕಾರಕ್ಕೆ ಹೇಳ್ತಿದ್ದೀವಿ ಅಂದ್ಕೊಂಡ ಸುಳ್ಳು ತಲುಪಿದ್ದು ಈ ನರ್ಸಿಗೆ.

57 ಲಕ್ಷಕ್ಕೆ ಮುಗೀತು. ಹಾರ್ಡ್‌ವೇರ್ ಹುಡುಗನ ಬೆಲೆಗಿಂತ 5 ಲಕ್ಷ ಕಮ್ಮಿ. ಮೊದಲಿನ ವ್ಯವಹಾರ ಆಗಿದ್ದರೆ ತಂಗಿಗೆ 31 ಬರಬೇಕಿತ್ತು. ಅವಳ ಪಾಲು ಅಷ್ಟೇ ಇರಲಿ, ಹೆಚ್ಚಿಗೆ ಬರೆಸಿದ್ದಕ್ಕೆ ಅವಳು ಕಟ್ಟೋ ತೆರಿಗೆಯೂ ನಂದೇ ಅಂದೆ. ಎರಡೂ ಸೇರಿ ಮೂರೂವರೆ ಲಕ್ಷದ ಹತ್ತಿರ ಆಯ್ತು. "ಬೇಡ ಅಣ್ಣ" ಅಂದಳು. ಆಮೇಲೆ ತೊಗೊಂಡಳು. ತೊಗೊಂಡದ್ದೇ ನನಗೆ ಸಮಾಧಾನ. ಇಲ್ಲದಿದ್ದರೆ ನನ್ನ ಪ್ರಾಮಾಣಿಕತೆಗೆ ಅವಳು ಚಂದಾ ಕೊಟ್ಟ ಹಾಗಾಗ್ತಿತ್ತು.

ಇದನ್ನು ದೊಡ್ಡದು ಮಾಡಿ ಹೇಳ್ತಿಲ್ಲ. ನನಗೆ ತಿಂಗಳ ಸಂಬಳ ಇದೆ, ಸಾಲ ಇಲ್ಲ. ಸತ್ಯ ಹೇಳೋಕೆ ನನಗೆ ತಾಕತ್ತಿತ್ತು, ಅಷ್ಟೇ. ತಂಗಿಯ ಜಾಗದಲ್ಲಿ ನಾನಿದ್ದು, ಬಾಗಿಲಲ್ಲಿ ಸಾಲ ಕೊಟ್ಟವನು ನಿಂತಿದ್ದರೆ ಆ ಚುಕ್ಕಿಗಳ ಮೇಲೆ ಏನು ಬರೀತಿದ್ದೆ ಅಂತ ಎದೆ ತಟ್ಟಿ ಹೇಳಲಾರೆ. ಆದ್ದರಿಂದ ಕಡಿಮೆ ತೋರಿಸಿದ ಎಲ್ಲರನ್ನೂ ಕಳ್ಳರು ಅನ್ನೋಕೆ ನನಗೆ ಬಾಯಿ ಬರಲ್ಲ. ತೋರಿಸೋದಕ್ಕೂ ಬರೆಯೋದಕ್ಕೂ ವ್ಯತ್ಯಾಸ ಇದೆ, ಆ ವ್ಯತ್ಯಾಸದ ದುಡ್ಡನ್ನು ಯಾರೋ ಒಬ್ಬರು ಕಟ್ಟೇ ಕಟ್ತಾರೆ, ಅದು ಯಾರು ಅಂತ ಒಂದು ಸಲ ತಿರುಗಿ ನೋಡೋಣ ಅಂತಷ್ಟೇ ಹೇಳಬಲ್ಲೆ.

ನೋಂದಣಿಗೆ ಮುಂಚೆ ಅಪ್ಪನ ಹಳೇ ಕ್ರಯಪತ್ರ ತೆಗೆದೆ. 2003ರದ್ದು. ಮನೇಲಿ ಎಲ್ಲರಿಗೂ ಗೊತ್ತಿದ್ದ ಹಾಗೆ ಅಪ್ಪ ಕೊಟ್ಟಿದ್ದು ಐದೂವರೆ ಲಕ್ಷ. ಪತ್ರದಲ್ಲಿ ಇದ್ದದ್ದು ಮೂರು. ಅದರ ಕೆಳಗೆ ನಾವು ಶಾಲೆಯ ಪ್ರಗತಿಪತ್ರದಲ್ಲಿ ನೋಡ್ತಿದ್ದ ಅದೇ ದುಂಡನೆಯ ಸಹಿ. ಆ ಎರಡೂವರೆ ಲಕ್ಷ ಅವತ್ತು ಕಾಗದಕ್ಕೆ ಬರಲಿಲ್ಲವಾದ್ದರಿಂದ ಇವತ್ತು ನಮ್ಮ ಲಾಭದಲ್ಲಿ ಸೇರಿ, ಅದಕ್ಕೂ ನಾವೇ ತೆರಿಗೆ ಕಟ್ಟಬೇಕು. ಹಳೇ ಸುಳ್ಳನ್ನು ಮುಚ್ಚೋಕೆ ಹೊಸ ಸುಳ್ಳು ಬೇಕಾಗೋದು ಹೀಗೇ. ಪತ್ರ ಬರೆಯೋರು ಮೆಲ್ಲಗೆ ಹೇಳಿದರು, "ಅದನ್ನೂ ನಾನೇ ಬರ್ದಿದ್ದು ಸಾರ್. ಮೇಷ್ಟ್ರು ಆಗಲ್ಲ ಆಗಲ್ಲ ಅಂತಿದ್ರು. ಶುಲ್ಕಕ್ಕೆ ದುಡ್ಡು ಸಾಲ್ತಿರಲಿಲ್ಲ."

ಅಪ್ಪ ಸುಳ್ಳುಗಾರರಲ್ಲ. ಹರಿಶ್ಚಂದ್ರನ ಪಾಠ ಮಾಡ್ತಾ ಮಾಡ್ತಾ ಒಂದು ಕಡೆ ಗಂಟಲು ಕಟ್ಟಿ ಪುಸ್ತಕ ಮುಚ್ಚಿಬಿಡ್ತಿದ್ದರು. ಅದು ಯಾವ ಜಾಗದಲ್ಲಿ ಅಂತ ನೆನಪು ಮಾಡ್ಕೊಳ್ಳೋಕೆ ನೋಡಿದೆ, ಆಗಲಿಲ್ಲ. ತಂಗಿಯನ್ನು ಕೇಳಿದೆ. ಅವಳಿಗೆ ನೆನಪಿತ್ತು.

"ಹೆಂಡತೀನ ಮಾರೋ ಕಡೆ" ಅಂದಳು. ಆಮೇಲೆ ಪೆನ್ನು ಇಸ್ಕೊಂಡು ಐವತ್ತೇಳು ಲಕ್ಷ ಅಂತ ಅಕ್ಷರದಲ್ಲಿ ಬರೆದಿದ್ದ ಪುಟದ ಕೆಳಗೆ ಸಹಿ ಹಾಕಿದಳು.